ಕಡಲು, ಮೀನು ಮತ್ತು ಗಣಿತದ ಮಾದರಿ: ಹವಾಮಾನ ಬದಲಾವಣೆಯ ಹಿನ್ನೆಲೆಯಲ್ಲಿ ಒಂದು ವಿವೇಚನೆ

ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿಸಿದ ಸಂಸ್ಕೃತ ಗ್ರಂಥವಾದ 'ಮಾನಸೋಲ್ಲಾಸ'ದಲ್ಲಿ 'ಮತ್ಸ್ಯವಿನೋದ'ವೆಂಬ ಒಂದು ಪ್ರಕರಣವಿದೆ. ಅರಸನ ವಿನೋದಗಳಲ್ಲೊಂದಾದ ಮೀನುಬೇಟೆಯನ್ನು ವಿವರಿಸುವ ಈ ಭಾಗದಲ್ಲಿ ಮೀನುಗಳನ್ನು ಕಡಲಿನವು, ಹೊಳೆಯವು ಎಂದೂ, ಹುರುಪೆಯುಳ್ಳವು, ಹುರುಪೆಯಿಲ್ಲದವು ಎಂದೂ, ಗಾತ್ರದಲ್ಲಿ ದೊಡ್ಡವು, ನಡುತರದವು, ಸಣ್ಣವು ಎಂದೂ ವಿಂಗಡಿಸಲಾಗಿದೆ. ಮತ್ಸ್ಯಶಾಸ್ತ್ರಜ್ಞ ಸುಂದರಲಾಲ್ ಹೋರಾ ಅವರು 1951ರಲ್ಲಿ ಈ ಪ್ರಕರಣವನ್ನು ವಿಜ್ಞಾನದ ದೃಷ್ಟಿಯಿಂದ ಪರಿಶೀಲಿಸಿ, ಇದರಲ್ಲಿರುವ ಜ್ಞಾನ ಕೇವಲ ಕವಿಸಮಯವಲ್ಲ, ಪ್ರತ್ಯಕ್ಷ ಅವಲೋಕನದ ಫಲವೆಂಬುದನ್ನು ವಿದ್ವಾಂಸರ ಗಮನಕ್ಕೆ ತಂದರು.

ಮಧ್ಯಕಾಲೀನ ಸಾಹಿತ್ಯದ ಅಭ್ಯಾಸಿಗಳಾದ ನಾವು ಈ ಪ್ರಕರಣವನ್ನು ಓದುವಾಗಲೆಲ್ಲ ಒಂದು ಸಂಗತಿ ಮನಸ್ಸಿಗೆ ಹೊಳೆಯುತ್ತದೆ. ಯಾವ ಮೀನು ಎಲ್ಲಿರುತ್ತದೆ, ಏನನ್ನು ತಿನ್ನುತ್ತದೆ, ಎಷ್ಟು ದೊಡ್ಡದಾಗುತ್ತದೆ ಎಂದು ಹೇಳುವ ಗ್ರಂಥಕಾರನ ಮಾತಿನ ಹಿಂದೆ ಒಂದು ನಂಬಿಕೆ ಅಡಗಿದೆ: ನೀರು ಇಂದು ಹೇಗಿದೆಯೋ ನಾಳೆಯೂ ಹಾಗೆಯೇ ಇರುತ್ತದೆ. ಎಂಟುನೂರು ವರ್ಷಗಳ ಕಾಲ ಈ ನಂಬಿಕೆಗೆ ಹೇಳಿಕೊಳ್ಳುವಂತಹ ಭಂಗ ಬರಲಿಲ್ಲ. ಈಗ ಬಂದಿದೆ. ಭಾರತ ಸರ್ಕಾರದ ಭೂವಿಜ್ಞಾನ ಸಚಿವಾಲಯವು 2020ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ 1951ರಿಂದ 2015ರ ಅವಧಿಯಲ್ಲಿ ಉಷ್ಣವಲಯದ ಹಿಂದೂ ಮಹಾಸಾಗರದ ಮೇಲ್ಮೈ ತಾಪ ಸರಾಸರಿ 1 ಡಿಗ್ರಿ ಸೆಲ್ಸಿಯಸ್‌ನಷ್ಟು ಏರಿದೆ. ಇದೇ ಅವಧಿಯಲ್ಲಿ ಜಗತ್ತಿನ ಸಾಗರಗಳ ಸರಾಸರಿ ಏರಿಕೆ ಸುಮಾರು 0.7 ಡಿಗ್ರಿ. ನಾಳಿನ ಕಡಲು ನಿನ್ನೆಯದರಂತೆ ಇರುವುದಿಲ್ಲವೆಂದಾದಾಗ ಅನುಭವವೊಂದನ್ನೇ ನಂಬಿ ಮುಂದಿನದನ್ನು ಹೇಳುವುದು ಸಾಧ್ಯವಾಗದು. ಆ ತೆರಪನ್ನು ತುಂಬಲು ವಿಜ್ಞಾನಿಗಳು ಹಿಡಿದಿರುವ ದಾರಿಯೇ ಗಣಿತದ ಮಾದರಿಗಳು. ಈ ಮಾದರಿಗಳು ಏನು, ಅವು ಹೇಗೆ ಕೆಲಸ ಮಾಡುತ್ತವೆ, ಅವುಗಳ ಮಾತನ್ನು ಎಷ್ಟರಮಟ್ಟಿಗೆ ನೆಚ್ಚಬಹುದು ಎಂಬುದನ್ನು ಮಾನವಿಕ ಶಾಸ್ತ್ರಗಳ ಸಂಶೋಧಕರಿಗೆ ಕನ್ನಡದಲ್ಲಿ ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

1. 'ಮಾದರಿ' ಎಂಬ ಪದ

ಮೊದಲಿಗೆ ಪರಿಭಾಷೆಯ ಒಂದು ತೊಡಕನ್ನು ಬಿಡಿಸಿಕೊಳ್ಳುವುದು ಅವಶ್ಯ. ಕನ್ನಡದಲ್ಲಿ 'ಮಾದರಿ' ಎಂದರೆ ಅನುಕರಣೀಯವಾದದ್ದು ಎಂಬ ಅರ್ಥ ಬಲವಾಗಿದೆ. 'ಮಾದರಿ ಶಾಲೆ', 'ಮಾದರಿ ಗ್ರಾಮ' ಎಂಬ ಪ್ರಯೋಗಗಳನ್ನು ನೋಡಬಹುದು. ವಿಜ್ಞಾನದ ಮಾದರಿಗೆ ಈ ಅರ್ಥವಿಲ್ಲ. ಅದು ವಾಸ್ತವದ ಒಂದು ಸಂಕ್ಷೇಪ ಮಾತ್ರ. ಕಡಲಿನ ಅಸಂಖ್ಯ ಸಂಬಂಧಗಳಲ್ಲಿ ಮುಖ್ಯವೆಂದು ತೋರಿದ ಕೆಲವನ್ನು ಆಯ್ದು, ಅವನ್ನು ಸಮೀಕರಣಗಳ ರೂಪದಲ್ಲಿ ಬರೆದು, ಗಣಕಯಂತ್ರದ ನೆರವಿನಿಂದ ಬಿಡಿಸಿ, 'ಇದು ಹೀಗಾದರೆ ಅದು ಏನಾಗುತ್ತದೆ' ಎಂದು ಕೇಳುವ ಸಾಧನವದು.

ಇನ್ನೊಂದು ಪದವೂ ಗಮನಾರ್ಹ. ಮಾದರಿಗಳು ಮುಂದಿನ ಕಾಲದ ಬಗ್ಗೆ ಹೇಳುವುದನ್ನು 'ಪ್ರಕ್ಷೇಪಣ' ಎಂದು ಕರೆಯುವ ರೂಢಿ ಬಂದಿದೆ. ಗ್ರಂಥಸಂಪಾದನೆಯಲ್ಲಿ ತೊಡಗಿದವರಿಗೆ 'ಪ್ರಕ್ಷೇಪ', 'ಪ್ರಕ್ಷಿಪ್ತ' ಎಂದರೆ ಮೂಲದಲ್ಲಿಲ್ಲದೆ ಅನಂತರ ಯಾರೋ ಸೇರಿಸಿದ ಭಾಗ, ಅಂದರೆ ಸಂಶಯಾಸ್ಪದವಾದದ್ದು. ಮಾದರಿಯ ಪ್ರಕ್ಷೇಪಣ ಅಂತಹ ಸೇರ್ಪಡೆಯಲ್ಲ, ಭವಿಷ್ಯವಾಣಿಯೂ ಅಲ್ಲ. ಅದು ಒಂದು ಸೋಪಾಧಿಕ ವಾಕ್ಯ. 'ಇಂಗಾಲದ ಹೊರಸೂಸುವಿಕೆ ಇಷ್ಟಿದ್ದಲ್ಲಿ' ಎಂಬ ಪೂರ್ವಾರ್ಧವನ್ನು ಬಿಟ್ಟು ಉತ್ತರಾರ್ಧವನ್ನಷ್ಟೇ ಉದ್ಧರಿಸುವುದು, ಪದ್ಯದ ಮೊದಲ ಎರಡು ಪಾದಗಳನ್ನು ಕೈಬಿಟ್ಟು ಅರ್ಥ ಹೇಳಿದಂತೆ.

2. ಆರಂಭದ ಒಂದು ಪ್ರಸಂಗ

ಮೀನು ಮತ್ತು ಗಣಿತದ ಸಂಬಂಧ ಹೊಸದಲ್ಲ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಏಡ್ರಿಯಾಟಿಕ್ ಸಮುದ್ರದಲ್ಲಿ ಮೀನುಗಾರಿಕೆ ತಗ್ಗಿತ್ತು. ಅಲ್ಲಿಯ ಮಾರುಕಟ್ಟೆಗಳ ದಾಖಲೆಗಳನ್ನು ಪರಿಶೀಲಿಸಿದ ಇಟಲಿಯ ಜೀವಶಾಸ್ತ್ರಜ್ಞ ಉಂಬೆರ್ತೊ ದಾಂಕೋನ ಅವರಿಗೆ ಒಂದು ವಿಚಿತ್ರ ಕಾಣಿಸಿತು: ಯುದ್ಧದ ವರ್ಷಗಳಲ್ಲಿ ಶಾರ್ಕಿನಂತಹ ಬೇಟೆಗಾರ ಮೀನುಗಳ ಪ್ರಮಾಣ ಹೆಚ್ಚಿತ್ತು. ಇದರ ಕಾರಣವನ್ನು ಅವರು ಗಣಿತಜ್ಞ ವೀತೋ ವೋಲ್ಟೆರಾ ಅವರನ್ನು ಕೇಳಿದರು. ವೋಲ್ಟೆರಾ 1926ರಲ್ಲಿ ತಿನ್ನುವ ಮೀನು, ತಿನ್ನಿಸಿಕೊಳ್ಳುವ ಮೀನು ಇವೆರಡನ್ನೇ ಇಟ್ಟುಕೊಂಡು ಎರಡು ಸಮೀಕರಣಗಳನ್ನು ಬರೆದರು. ಎರಡು ಬಗೆಯ ಮೀನನ್ನೂ ಒಂದೇ ಬಲೆ ಹಿಡಿಯುತ್ತಿದ್ದರೆ, ಬಲೆ ಹಾಕುವುದನ್ನು ಕಡಿಮೆ ಮಾಡಿದಾಗ ಸರಾಸರಿಯಲ್ಲಿ ಲಾಭ ತಿನ್ನುವ ಮೀನಿಗೇ ಹೊರತು ತಿನ್ನಿಸಿಕೊಳ್ಳುವ ಮೀನಿಗಲ್ಲವೆಂದು ಆ ಸಮೀಕರಣಗಳು ತೋರಿಸಿದವು. ಬರಿಯ ಊಹೆಗೆ ನಿಲುಕದ ಫಲಿತಾಂಶವಿದು. ಮಾದರಿಯ ಉಪಯೋಗವೇನೆಂಬ ಪ್ರಶ್ನೆಗೆ ಈ ಒಂದು ಪ್ರಸಂಗವೇ ಸಾಕಷ್ಟು ಉತ್ತರವೆಂದು ನಮ್ಮ ಭಾವನೆ.

3. ಇಂದಿನ ಮಾದರಿಗಳ ಅಂತಸ್ತುಗಳು

ಇಂದು ಬಳಕೆಯಲ್ಲಿರುವ ಮಾದರಿಗಳು ಒಂದರ ಮೇಲೊಂದು ನಿಂತ ಅಂತಸ್ತುಗಳಂತಿವೆ.

ತಳದಲ್ಲಿರುವುದು ಭೂವ್ಯವಸ್ಥಾ ಮಾದರಿ. ಇದರಲ್ಲಿ ವಾತಾವರಣ ಮತ್ತು ಸಾಗರಗಳನ್ನು ಚೌಕಗಳಾಗಿ ವಿಭಾಗಿಸಿ, ಪ್ರತಿಯೊಂದು ಚೌಕದ ತಾಪ, ಲವಣಾಂಶ, ಗಾಳಿ, ಪ್ರವಾಹಗಳನ್ನು ಭೌತಶಾಸ್ತ್ರದ ನಿಯಮಗಳಿಗನುಸಾರವಾಗಿ ಲೆಕ್ಕಹಾಕಲಾಗುತ್ತದೆ. ಮೇಲಿನ ನೀರು ಬಿಸಿಯಾದಂತೆ ಹಗುರವಾಗಿ ತಣ್ಣನೆಯ ಕೆಳನೀರಿನ ಮೇಲೆ ಮುಚ್ಚಳದಂತೆ ಕುಳಿತುಕೊಳ್ಳುತ್ತದೆ. ಆಗ ಆಳದಲ್ಲಿರುವ ಸಾರಜನಕ, ರಂಜಕಗಳಂತಹ ಪೋಷಕಾಂಶಗಳು ಬೆಳಕಿರುವ ಮೇಲ್ಪದರಕ್ಕೆ ಬರುವುದು ಕಷ್ಟವಾಗುತ್ತದೆ.

ಎರಡನೆಯ ಅಂತಸ್ತಿನಲ್ಲಿ ಪೋಷಕಾಂಶ, ಸಸ್ಯಪ್ಲವಕ, ಪ್ರಾಣಿಪ್ಲವಕ ಮತ್ತು ಸತ್ತ ಜೀವಿಗಳ ಅವಶೇಷ ಎಂಬ ನಾಲ್ಕು ಕಣಜಗಳಿವೆ. ಒಂದರಿಂದ ಇನ್ನೊಂದಕ್ಕೆ ದ್ರವ್ಯ ಎಷ್ಟು ವೇಗದಲ್ಲಿ ಸಾಗುತ್ತದೆಂಬುದೇ ಇಲ್ಲಿಯ ಲೆಕ್ಕ. ಕಣ್ಣಿಗೆ ಕಾಣದಷ್ಟು ಸಣ್ಣದಾದ ಸಸ್ಯಪ್ಲವಕವೇ ಕಡಲಿನ ಹುಲ್ಲುಗಾವಲು. ಅದು ಬಡವಾದರೆ ಮೇಲಿನ ಎಲ್ಲವೂ ಬಡವಾಗುತ್ತವೆ.

ಮೂರನೆಯದು ಮೀನುಗಳ ಅಂತಸ್ತು. ಇಲ್ಲಿ ಮೂರು ಪಂಥಗಳಿವೆ. ಮೊದಲನೆಯದು ಆಹಾರಜಾಲದ ಜಮಾಖರ್ಚನ್ನು ಇಡುವ ಪಂಥ. ಜೆಫ್ರಿ ಪೊಲೊವಿನಾ ಅವರು 1984ರಲ್ಲಿ ಹವಾಯಿ ದ್ವೀಪಸಮೂಹದ ಒಂದು ಹವಳದ ದಿಬ್ಬಕ್ಕಾಗಿ ರೂಪಿಸಿದ, ಮುಂದೆ ವಿಲ್ಲಿ ಕ್ರಿಸ್ಟೆನ್ಸೆನ್ ಮತ್ತು ಡೇನಿಯಲ್ ಪೌಲಿ ಅವರು ಬೆಳೆಸಿದ 'ಇಕೋಪಾತ್' ಈ ಬಗೆಯದು. ಒಂದು ವರ್ಗದ ಮೀನು ವರ್ಷದಲ್ಲಿ ಬೆಳೆದ ಮೊತ್ತವು, ಬಲೆಗೆ ಬಿದ್ದದ್ದು, ಬೇರೆ ಮೀನು ತಿಂದದ್ದು, ವಲಸೆ ಹೋದದ್ದು, ಬೇರೆ ಕಾರಣದಿಂದ ಸತ್ತದ್ದು ಮತ್ತು ಉಳಿಕೆಯಾಗಿ ಸೇರಿದ್ದು ಇವುಗಳ ಮೊತ್ತಕ್ಕೆ ಸರಿಹೊಂದಬೇಕೆಂಬುದು ಅದರ ಮೂಲಸೂತ್ರ. ಎರಡನೆಯದು ಗಾತ್ರದ ಪಂಥ. ಕಡಲಿನಲ್ಲಿ ಸಾಮಾನ್ಯವಾಗಿ ದೊಡ್ಡದು ಸಣ್ಣದನ್ನು ತಿನ್ನುವುದರಿಂದ, ಜಾತಿಯ ಹೆಸರನ್ನು ಬದಿಗಿಟ್ಟು ಗಾತ್ರವನ್ನೇ ಹಿಡಿದು ಲೆಕ್ಕಹಾಕುವ ಕ್ರಮವಿದು. ಸೋಮೇಶ್ವರನ ಮೂರು ಗಾತ್ರಗಳ ವಿಂಗಡಣೆಯನ್ನು ಇಲ್ಲಿ ನೆನೆಯದಿರುವುದು ನಮ್ಮಂತಹವರಿಗೆ ಸಾಧ್ಯವಿಲ್ಲ. ಮೂರನೆಯದು ಆವಾಸದ ಪಂಥ. ಒಂದು ಜಾತಿ ಎಂತಹ ತಾಪ, ಆಮ್ಲಜನಕ, ಆಳಗಳಲ್ಲಿ ಬದುಕುತ್ತದೆಂದು ತಿಳಿದು, ಮುಂದೆ ಅಂತಹ ನೀರು ಎಲ್ಲಿ ಸಿಗುತ್ತದೆಂದು ಇದು ಹುಡುಕುತ್ತದೆ.

ಈ ಎಲ್ಲ ಪಂಥಗಳಿಗೂ ಸಮಾನವಾದ ಒಂದು ತಿಳಿವಳಿಕೆಯುಂಟು. ಆಹಾರಜಾಲದ ಒಂದು ಮೆಟ್ಟಿಲಿನಿಂದ ಮುಂದಿನದಕ್ಕೆ ದಾಟುವುದು ಸ್ಥೂಲವಾಗಿ ಹತ್ತರಲ್ಲಿ ಒಂದು ಪಾಲು. ಸಾವಿರ ಟನ್ ಸಸ್ಯಪ್ಲವಕದಿಂದ ನೂರು ಟನ್ ಪ್ರಾಣಿಪ್ಲವಕ, ಅದರಿಂದ ಹತ್ತು ಟನ್ ಸಣ್ಣ ಮೀನು, ಅದರಿಂದ ಒಂದು ಟನ್ ದೊಡ್ಡ ಮೀನು. ನೀರು ಬಿಸಿಯಾದಾಗ ಮೀನಿನ ದೇಹಕ್ಕೆ ಬೇಕಾಗುವ ಶಕ್ತಿ ಹೆಚ್ಚುತ್ತದೆ, ಆದರೆ ನೀರಿನಲ್ಲಿ ಕರಗುವ ಆಮ್ಲಜನಕ ಕಡಿಮೆಯಾಗುತ್ತದೆ. ಹೀಗಾಗಿ ತಳದಲ್ಲಿ ಆದ ಸಣ್ಣ ಕೊರತೆ ಮೇಲೇರುತ್ತ ದೊಡ್ಡದಾಗುವುದುಂಟು.

4. ಹಲವು ಮಾದರಿ, ಹಲವು ಪಾಠ

ಒಂದೇ ಪ್ರಶ್ನೆಗೆ ಬೇರೆ ಬೇರೆ ಮಾದರಿಗಳು ಬೇರೆ ಬೇರೆ ಉತ್ತರ ಕೊಡುತ್ತವೆ. ಆದಕಾರಣ ಹಲವು ದೇಶಗಳ ವಿಜ್ಞಾನಿಗಳು ಸೇರಿ, ಒಂದೇ ಸನ್ನಿವೇಶವನ್ನು ಹಲವು ಮಾದರಿಗಳಿಗೆ ಒಡ್ಡಿ ಫಲಿತಾಂಶಗಳನ್ನು ಹೋಲಿಸುವ 'ಫಿಶ್-ಮಿಪ್' ಎಂಬ ಯೋಜನೆಯನ್ನು ನಡೆಸುತ್ತಿದ್ದಾರೆ. ಈ ಗುಂಪು 2019ರಲ್ಲಿ ಪ್ರಕಟಿಸಿದ ಫಲಿತಾಂಶದಂತೆ, ಹೊರಸೂಸುವಿಕೆ ಕಡಿಮೆಯಿದ್ದಲ್ಲಿ ಈ ಶತಮಾನದ ಕೊನೆಗೆ ಜಗತ್ತಿನ ಕಡಲಪ್ರಾಣಿಗಳ ಒಟ್ಟು ಜೀವರಾಶಿ 1990ರ ದಶಕಕ್ಕಿಂತ ಸುಮಾರು ಶೇ. 5ರಷ್ಟೂ, ಅಧಿಕವಿದ್ದಲ್ಲಿ ಸುಮಾರು ಶೇ. 17ರಷ್ಟೂ ಕುಗ್ಗುತ್ತದೆ. ಮೊದಲನೆಯ ಅಂಕಿಗೆ ಹೆಚ್ಚುಕಡಿಮೆ 4ರಷ್ಟು, ಎರಡನೆಯದಕ್ಕೆ 11ರಷ್ಟು ಏರಿಳಿತವನ್ನು ಅವರೇ ಸೂಚಿಸಿದ್ದಾರೆ. 2021ರಲ್ಲಿ ಹೊಸ ಪೀಳಿಗೆಯ ಮಾದರಿಗಳೊಡನೆ ಮಾಡಿದ ಲೆಕ್ಕದಲ್ಲಿ ಈ ಕುಗ್ಗುವಿಕೆ ಕ್ರಮವಾಗಿ ಸುಮಾರು ಶೇ. 7 ಮತ್ತು ಶೇ. 19 ಎಂದು ಬಂದಿತು. 2019ರ ಅಂಕಿಗಳಲ್ಲಿ ಮೀನುಗಾರಿಕೆಯ ಪ್ರಭಾವ ಸೇರಿಲ್ಲ. ಹವಾಮಾನವೊಂದರ ಪರಿಣಾಮವನ್ನು ಮಾತ್ರ ಅವು ಹೇಳುತ್ತವೆಂಬುದನ್ನು ಮರೆಯಲಾಗದು.

ಈ ಹೋಲಿಕೆಯ ಕೆಲಸ ಹಸ್ತಪ್ರತಿಗಳ ಪಾಠಾಂತರಗಳನ್ನು ಗುರುತಿಸುವ ನಮ್ಮ ಕೆಲಸವನ್ನು ನೆನಪಿಗೆ ತರುತ್ತದೆ. ಒಂದು ಎಚ್ಚರಿಕೆ ಎರಡೂ ಕಡೆ ಸಮಾನ. ಹತ್ತು ಪ್ರತಿಗಳಲ್ಲಿ ಒಂದೇ ಪಾಠವಿದ್ದ ಮಾತ್ರಕ್ಕೆ ಅದೇ ಮೂಲಪಾಠವಾಗದು. ಹತ್ತೂ ಒಂದೇ ಮಾತೃಪ್ರತಿಯಿಂದ ಇಳಿದುಬಂದಿದ್ದರೆ ಅವುಗಳ ಸಾಕ್ಷ್ಯ ಒಂದೇ ಪ್ರತಿಯ ಸಾಕ್ಷ್ಯ. ಮಾದರಿಗಳೂ ಪರಸ್ಪರ ಸೂತ್ರಗಳನ್ನು, ಊಹೆಗಳನ್ನು ಎರವಲು ಪಡೆದಿರುತ್ತವೆ. ಅವುಗಳ ಒಮ್ಮತವನ್ನು ತೂಗುವಾಗ ಅವುಗಳ ವಂಶಾವಳಿಯನ್ನೂ ನೋಡಬೇಕು. ಆದರೆ ಒಂದು ವ್ಯತ್ಯಾಸವೂ ಇದೆ. ಸಂಪಾದಕನು ಪಾಠಾಂತರಗಳಲ್ಲಿ ಒಂದನ್ನು ಆರಿಸುತ್ತಾನೆಯೇ ಹೊರತು ಸರಾಸರಿ ತೆಗೆಯುವುದಿಲ್ಲ. ಮಾದರಿಕಾರರು ಸರಾಸರಿ ತೆಗೆಯುತ್ತಾರೆ. ಹಾಗೆ ಮಾಡಿದಾಗ ಬಿಡಿಬಿಡಿ ಮಾದರಿಗಳ ತಪ್ಪುಗಳು ಸ್ವಲ್ಪಮಟ್ಟಿಗೆ ಪರಸ್ಪರ ಕಳೆದುಹೋಗುತ್ತವೆ. ಎಲ್ಲವೂ ಕೂಡಿ ಮಾಡಿದ ತಪ್ಪು ಮಾತ್ರ ಹಾಗೆಯೇ ಉಳಿಯುತ್ತದೆ.

5. ಅರಬ್ಬೀ ಸಮುದ್ರ ಮತ್ತು ಬೂತಾಯಿ

ಸಾಮಾನ್ಯ ತತ್ತ್ವವನ್ನು ಒಂದು ನಿದರ್ಶನದಿಂದ ಪರೀಕ್ಷಿಸುವುದು ಉಚಿತ. ಕರಾವಳಿಯಲ್ಲಿ 'ಬೂತಾಯಿ' ಎಂದು ಕರೆಯುವ ಎಣ್ಣೆ ಸಾರ್ಡೀನ್ ಮೀನು ಕೇರಳ ಮತ್ತು ಕರ್ನಾಟಕಗಳ ಕರಾವಳಿಯಲ್ಲಿ ಬಡವರ ಊಟದ ಮೀನು. ನೈಋತ್ಯ ಮಾನ್ಸೂನ್ ಗಾಳಿಯ ಕಾಲದಲ್ಲಿ ಈ ಕರಾವಳಿಯ ಆಳದ ತಣ್ಣನೆಯ, ಪೋಷಕಾಂಶಭರಿತ ನೀರು ಮೇಲೇರುತ್ತದೆ. ಅದರಿಂದ ಸಸ್ಯಪ್ಲವಕ ಹುಲುಸಾಗುತ್ತದೆ. ಅದನ್ನು ತಿಂದು ಬೂತಾಯಿ ಬೆಳೆಯುತ್ತದೆ. ಇದರ ಮುಖ್ಯ ಮೊಟ್ಟೆಯಿಡುವ ಕಾಲವೂ ಮಳೆಗಾಲವೇ. ಆಯುಷ್ಯ ಸುಮಾರು ಎರಡೂವರೆ ವರ್ಷ. ಇಷ್ಟು ಅಲ್ಪಾಯುವಾದ ಮೀನಿಗೆ ಒಂದೆರಡು ಮಳೆಗಾಲ ಕೆಟ್ಟರೂ ಸಾಕು, ಸಂತತಿ ಕುಸಿಯುತ್ತದೆ.

ಈ ಏರಿಳಿತ ಹಿಂದೆಯೂ ಇತ್ತು. ದಕ್ಷಿಣ ಕನ್ನಡವು ಮದ್ರಾಸು ಪ್ರಾಂತಕ್ಕೆ ಸೇರಿದ್ದ ಕಾಲದಲ್ಲಿ ಆ ಪ್ರಾಂತದ ಮೀನುಗಾರಿಕಾ ಇಲಾಖೆಯ ಜೇಮ್ಸ್ ಹಾರ್ನೆಲ್ ಅವರು ನಾಯುಡು ಅವರೊಡನೆ ಈ ಮೀನಿನ ಜೀವನಕ್ರಮವನ್ನು ಕುರಿತು 1920ರ ದಶಕದಲ್ಲಿಯೇ ಬರೆದಿದ್ದರು. 1940ರ ದಶಕದಲ್ಲಿ ಈ ಮೀನು ಬಹುಮಟ್ಟಿಗೆ ಕಾಣದಾಗಿ, ಮುಂದೆ ಮರಳಿ ಬಂದಿತು. ಇತ್ತೀಚಿನ ಏರಿಳಿತ ಇನ್ನೂ ತೀವ್ರ. ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಅಂಕಿಅಂಶಗಳಂತೆ 2012ರಲ್ಲಿ ಕೇರಳದ ದಡಕ್ಕೆ ಬಂದ ಬೂತಾಯಿ ನಾಲ್ಕು ಲಕ್ಷ ಟನ್ನಿನ ಸಮೀಪದಲ್ಲಿತ್ತು. 2021ರಲ್ಲಿ ಅದು ಸುಮಾರು 3,300 ಟನ್ನಿಗೆ ಇಳಿಯಿತು. 2023ರಲ್ಲಿ ಮತ್ತೆ ಒಂದು ಲಕ್ಷ ಟನ್ನನ್ನು ಮೀರಿತು. ಇದೇ ವೇಳೆಗೆ ಹಿಂದೆ ಮಲಬಾರಿನ ನೀರಿಗೇ ಬಹುಮಟ್ಟಿಗೆ ಸೀಮಿತವಾಗಿದ್ದ ಈ ಮೀನು 1980ರ ದಶಕದ ಅನಂತರ ಉತ್ತರದ ಕಡೆಗೂ ಪೂರ್ವ ಕರಾವಳಿಗೂ ಹರಡಿದೆಯೆಂದು ಅದೇ ಸಂಸ್ಥೆಯ ವಿಜ್ಞಾನಿಗಳು ತೋರಿಸಿದ್ದಾರೆ. ಚೆನ್ನೈಯ ಓದುಗರು ತಮ್ಮ ಮಾರುಕಟ್ಟೆಯಲ್ಲಿಯೇ ಇದನ್ನು ಕಾಣಬಹುದು.

ಈ ಕುಸಿತಕ್ಕೆ ಕಾರಣ ಹವಾಮಾನವೋ, ಅತಿಯಾದ ಮೀನುಗಾರಿಕೆಯೋ? 2015-16ರ ಎಲ್‌ನಿನೋ ಒಂದು ಕಾರಣವೆಂದು ವಿಜ್ಞಾನಿಗಳು ಹೇಳಿದ್ದಾರೆ. ಮರಿಮೀನುಗಳನ್ನು ಬಾಚಿ ಹಿಡಿದದ್ದೂ ಕಾರಣವೆಂದಿದ್ದಾರೆ. ಎರಡನ್ನೂ ಬೇರ್ಪಡಿಸಿ ತೂಗಲು ಮಾದರಿಯಿಲ್ಲದೆ ಗತಿಯಿಲ್ಲ, ಏಕೆಂದರೆ ಕಡಲಿನಲ್ಲಿ ಒಂದನ್ನು ನಿಲ್ಲಿಸಿ ಇನ್ನೊಂದನ್ನು ನಡೆಸಿ ನೋಡುವ ಪ್ರಯೋಗ ಸಾಧ್ಯವಿಲ್ಲ. ಕರ್ನಾಟಕದ ಮಟ್ಟಿಗೆ ಇಂತಹ ಪ್ರಯತ್ನವೊಂದು ನಡೆದಿದೆ: ಇದೇ ಸಂಸ್ಥೆಯ ಕೆ. ಎಸ್. ಮಹಮ್ಮದ್ ಮತ್ತು ಸಂಗಡಿಗರು ಕರ್ನಾಟಕದ ಎದುರಿನ ಅರಬ್ಬೀ ಸಮುದ್ರದ ಆಹಾರಜಾಲವನ್ನು ಇಕೋಪಾತ್ ಕ್ರಮದಲ್ಲಿ ಲೆಕ್ಕಹಾಕಿ, ಮೀನುಗಾರಿಕೆಯ ಒತ್ತಡ ಬದಲಾದರೆ ಇಳುವರಿ ಏನಾಗುತ್ತದೆಂಬುದನ್ನು 2008ರಲ್ಲಿ ಪ್ರಕಟಿಸಿದರು. ಬೂತಾಯಿಯ ಇಳುವರಿಯನ್ನು ಮುಂಚಿತವಾಗಿ ಅಂದಾಜು ಮಾಡುವ ಕುರಿತು 2021ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ, ಒಂದು ವರ್ಷದ ತಾಪಕ್ಕಿಂತ ಎರಡೂವರೆ ವರ್ಷಗಳ ಸರಾಸರಿ ತಾಪ ಹೆಚ್ಚು ಉಪಯುಕ್ತವೆಂದು ಕಂಡುಕೊಂಡಿತು. ಮೀನಿನ ಆಯುಷ್ಯದೊಡನೆ ಈ ಅವಧಿ ಹೊಂದುವುದು ಆಕಸ್ಮಿಕವಾಗಿರಲಾರದು.

6. ಮಾದರಿಯ ಮಿತಿಗಳು

ಮಿತಿಗಳಲ್ಲಿ ಮೂರನ್ನು ಇಲ್ಲಿ ಪ್ರಸ್ತಾಪಿಸುತ್ತೇವೆ.

ಮೊದಲನೆಯದು ಅಳತೆಯದು. ಜಾಗತಿಕ ಮಾದರಿಗಳ ಒಂದು ಚೌಕದ ಬದಿ ಅನೇಕ ವೇಳೆ ನೂರು ಕಿಲೋಮೀಟರಿನ ಆಸುಪಾಸು. ಸುಮಾರು 300 ಕಿಲೋಮೀಟರು ಉದ್ದದ ಕರ್ನಾಟಕದ ಕರಾವಳಿ ಇಂತಹ ಮೂರು ಚೌಕಗಳಲ್ಲಿ ಅಡಗಿಬಿಡುತ್ತದೆ. ಆಳದ ನೀರು ಮೇಲೇರುವುದೋ ದಡಕ್ಕೆ ಹತ್ತಿರದ ಕೆಲವೇ ಹತ್ತು ಕಿಲೋಮೀಟರುಗಳ ಪಟ್ಟಿಯಲ್ಲಿ. ಬೂತಾಯಿಯ ಬದುಕು ನಿಂತಿರುವುದೇ ಆ ಪಟ್ಟಿಯಲ್ಲಿ. ಜಾಗತಿಕ ಮಾದರಿಯ ಕಣ್ಣಿಗೆ ಅದು ಸರಿಯಾಗಿ ಬೀಳುವುದಿಲ್ಲ.

ಎರಡನೆಯದು ದಾಖಲೆಯ ಅವಧಿಯದು. ಅರಬ್ಬೀ ಸಮುದ್ರದ ಪಶ್ಚಿಮ ಭಾಗದಲ್ಲಿ 1997ರಿಂದ 2004ರವರೆಗಿನ ಉಪಗ್ರಹ ದತ್ತಾಂಶವನ್ನು ಆಧರಿಸಿ, ಸಸ್ಯಪ್ಲವಕ ಬಹಳವಾಗಿ ಹೆಚ್ಚುತ್ತಿದೆಯೆಂದು 2005ರಲ್ಲಿ ಒಂದು ಪ್ರಬಂಧ ಹೇಳಿತು. ಭೂಭಾಗ ಬಿಸಿಯಾಗಿ ಮಾನ್ಸೂನ್ ಗಾಳಿ ಬಲಗೊಂಡು ಹೆಚ್ಚು ಪೋಷಕಾಂಶ ಮೇಲೇರುತ್ತಿದೆಯೆಂಬುದು ಅದರ ವಾದ. ಪುಣೆಯ ಭಾರತೀಯ ಉಷ್ಣವಲಯ ಪವನಶಾಸ್ತ್ರ ಸಂಸ್ಥೆಯ ರಾಕ್ಸಿ ಮ್ಯಾಥ್ಯೂ ಕೋಲ್ ಮತ್ತು ಸಂಗಡಿಗರು ಆರು ದಶಕಗಳ ಅವಧಿಯನ್ನು ಮಾದರಿಗಳ ನೆರವಿನಿಂದ ಪರಿಶೀಲಿಸಿ, ಹಿಂದೂ ಮಹಾಸಾಗರದ ಪಶ್ಚಿಮ ಭಾಗದಲ್ಲಿ ಸಸ್ಯಪ್ಲವಕ ಶೇ. 20ರವರೆಗೆ ಕುಗ್ಗಿದೆಯೆಂದು 2016ರಲ್ಲಿ ತೋರಿಸಿದರು. ಒಂದು ಅಧ್ಯಯನ ಏಳೆಂಟು ವರ್ಷಗಳದು, ಇನ್ನೊಂದು ಅರವತ್ತು ವರ್ಷಗಳದು. ನಾಲ್ಕು ಓಲೆಗಳನ್ನು ನೋಡಿ ಕೃತಿಯ ಕಾಲವನ್ನು ನಿರ್ಣಯಿಸುವವರಿಗೂ ಇಡೀ ಕಟ್ಟನ್ನು ಬಿಚ್ಚಿ ನೋಡುವವರಿಗೂ ಇರುವ ಅಂತರವಿದು. ಆದರೂ ಮೊದಲ ಪ್ರಬಂಧ ಎತ್ತಿದ ಗಾಳಿಯ ಪ್ರಶ್ನೆ ನಿರರ್ಥಕವೆಂದು ಹೇಳಲಾಗದು. ಗಾಳಿ ಮತ್ತು ಸ್ತರೀಕರಣ ಇವೆರಡರ ಜಗ್ಗಾಟದಲ್ಲಿ ಯಾವುದು ಗೆಲ್ಲುತ್ತದೆಂಬುದೇ ಅರಬ್ಬೀ ಸಮುದ್ರದ ಮುಖ್ಯ ಪ್ರಶ್ನೆ.

ಮೂರನೆಯ ಮಿತಿ ಮನುಷ್ಯನದು. ಮೀನು ಕಡಿಮೆಯಾದಾಗ ಮೀನುಗಾರ ಏನು ಮಾಡುತ್ತಾನೆ? ಇನ್ನೂ ಆಳಕ್ಕೆ ಹೋಗುತ್ತಾನೆಯೇ, ಬಲೆಯ ಕಣ್ಣು ಕಿರಿದು ಮಾಡುತ್ತಾನೆಯೇ, ಸಾಲ ತೀರಿಸಲು ಬೋಟನ್ನು ಮಾರುತ್ತಾನೆಯೇ? 1970ರ ದಶಕದ ಉತ್ತರಾರ್ಧದಲ್ಲಿ ಪರ್ಸೀನ್ ಬೋಟುಗಳು ಬಂದಾಗ ಊರಿಗೆ ಊರೇ ಸೇರಿ ದಡದಿಂದ ಎಳೆಯುತ್ತಿದ್ದ ರಂಪಣಿ ಬಲೆ ಹಿನ್ನೆಲೆಗೆ ಸರಿಯಿತು. ಅದರೊಡನೆ ಪಾಲು ಹಂಚುವ ಒಂದು ಪದ್ಧತಿಯೂ ಕ್ಷೀಣಿಸಿತು. ಇಂತಹ ಬದಲಾವಣೆ ಯಾವ ಸಮೀಕರಣದಲ್ಲಿಯೂ ತಾನಾಗಿ ಹುಟ್ಟುವುದಿಲ್ಲ.

7. ನಮ್ಮ ಪಾಲಿನ ಕೆಲಸ

ಇಷ್ಟೆಲ್ಲ ಮಿತಿಗಳಿದ್ದರೂ ಮಾದರಿಗಳನ್ನು ಬದಿಗೊತ್ತುವಂತಿಲ್ಲ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿದೆ. ಕೇರಳದಲ್ಲಿ 10 ಸೆಂಟಿಮೀಟರಿಗಿಂತ ಕಿರಿದಾದ ಬೂತಾಯಿಯನ್ನು ಹಿಡಿಯುವಂತಿಲ್ಲ. ಮೊಟ್ಟೆಯಿಡುವ ಕಾಲ ಹಿಂದುಮುಂದಾದರೆ, ಬಿಸಿ ನೀರಿನಲ್ಲಿ ಮೀನು ಕಿರಿದಾಗಿಯೇ ಪ್ರೌಢವಾಗತೊಡಗಿದರೆ, ಈ ದಿನಾಂಕ ಮತ್ತು ಈ ಅಳತೆ ಎರಡನ್ನೂ ಮರುಪರಿಶೀಲಿಸಬೇಕಾದೀತು. ಆಗ ಮಾತನಾಡುವುದು ಮಾದರಿ. ಅನುಭವಿಸುವುದು ಉಳ್ಳಾಲ, ಮಲ್ಪೆ, ಗಂಗೊಳ್ಳಿ, ಕಾರವಾರಗಳ ಮನೆಗಳು. ತಮ್ಮ ಬದುಕನ್ನು ನಿರ್ಧರಿಸುವ ಒಂದು ವಾದವನ್ನು ತಮ್ಮ ಭಾಷೆಯಲ್ಲಿ ಕೇಳುವ, ಪ್ರಶ್ನಿಸುವ ಹಕ್ಕು ಆ ಜನಕ್ಕೆ ಉಂಟು. ಹೈದರಾಬಾದಿನ ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರವು ಮೀನು ಸಿಗಬಹುದಾದ ವಲಯಗಳ ಸೂಚನೆಯನ್ನು ಪ್ರಾದೇಶಿಕ ಭಾಷೆಗಳಲ್ಲಿಯೂ ನೀಡುತ್ತಿರುವುದು ಸ್ವಾಗತಾರ್ಹ. ಆದರೆ ಇಂದು ಎಲ್ಲಿ ಮೀನಿದೆ ಎಂಬ ಸೂಚನೆ ಬೇರೆ, ಮೂವತ್ತು ವರ್ಷಗಳ ಮೇಲೆ ಏನಾಗಬಹುದು, ಅದು ಎಷ್ಟು ಖಚಿತ ಎಂಬ ವಿವರಣೆ ಬೇರೆ. ಎರಡನೆಯದು ಕನ್ನಡದಲ್ಲಿ ಇನ್ನೂ ವಿರಳ.

ಇಲ್ಲಿ ಹೊರನಾಡಿನ ಕನ್ನಡ ಸಂಶೋಧಕರಿಗೆ ಒಂದು ವಿಶೇಷ ಅವಕಾಶವಿದೆಯೆಂದು ನಾವು ಭಾವಿಸುತ್ತೇವೆ. ಕಡಲಿನ ಮಾದರಿಗಳನ್ನು ಕಟ್ಟುವ ಸಂಸ್ಥೆಗಳು ಬಹುಪಾಲು ಇರುವುದು ಪುಣೆ, ಹೈದರಾಬಾದು, ಚೆನ್ನೈ, ಗೋವೆ, ಕೊಚ್ಚಿಗಳಲ್ಲಿ. ಕರಾವಳಿಯಿಂದ ಬಂದು ಮುಂಬಯಿಯಲ್ಲಿ ತಲೆಮಾರುಗಳಿಂದ ನೆಲೆಸಿರುವ ಮೊಗವೀರ ಕುಟುಂಬಗಳು ಕಡಲಿನ ಭಾಷೆಯನ್ನು ಇನ್ನೂ ಮರೆತಿಲ್ಲ. ಮೀನು, ಗಾಳಿ, ನೀರಿನ ಬಣ್ಣ, ಬಲೆಗಳನ್ನು ಕುರಿತ ತುಳು, ಕನ್ನಡ, ಕೊಂಕಣಿ ಪದಗಳನ್ನು, ಯಾವ ಮೀನು ಯಾವ ತಿಂಗಳಲ್ಲಿ ಬರುತ್ತಿತ್ತೆಂಬ ಹಿರಿಯರ ನೆನಪನ್ನು ವರ್ಷ, ಸ್ಥಳಗಳೊಡನೆ ಸಂಗ್ರಹಿಸಿದರೆ ಅದು ಬರಿಯ ಜಾನಪದ ಸಂಗ್ರಹವಾಗಿ ಉಳಿಯದು. ಉಪಗ್ರಹಗಳು ಹುಟ್ಟುವ ಮುಂಚಿನ ಕಡಲಿನ ಬಗ್ಗೆ ಮಾದರಿಕಾರರ ಬಳಿ ದಾಖಲೆ ತೀರ ಕಡಿಮೆ; ಅಂತಹ ನೆನಪುಗಳನ್ನು ಸೋಸಿ, ಹೋಲಿಸಿ, ಕಾಲನಿರ್ಣಯ ಮಾಡಿಕೊಡುವ ವಿದ್ಯೆ ನಮ್ಮಲ್ಲಿದೆ.

ಸೋಮೇಶ್ವರನ ಕಾಲದಲ್ಲಿ ಮೀನನ್ನು ಬಲ್ಲ ಬೇಡರ, ಬೆಸ್ತರ ಅರಿವು ಆಸ್ಥಾನದ ಸಂಸ್ಕೃತಕ್ಕೆ ಏರಿ ಗ್ರಂಥವಾಯಿತು; ಆದರೆ ಗ್ರಂಥ ಮರಳಿ ಅವರ ಬಳಿಗೆ ಹೋದಂತೆ ಕಾಣುವುದಿಲ್ಲ. ಇಂದು ಅದೇ ಅರಿವು ಇಂಗ್ಲಿಷಿನ ಪ್ರಬಂಧಗಳಿಗೆ, ಗಣಕಯಂತ್ರಗಳಿಗೆ ಏರುತ್ತಿದೆ. ಈ ಬಾರಿಯಾದರೂ ಅದು ದಡಕ್ಕೆ ಮರಳುವಂತೆ ನೋಡಿಕೊಳ್ಳುವುದು ಭಾಷೆಯ ಕೆಲಸ ಮಾಡುವವರ ಹೊಣೆಯೆಂದು ಹೇಳಿ ಈ ವಿವೇಚನೆಯನ್ನು ಮುಗಿಸುತ್ತೇವೆ.